ಹತ್ತು ಲಕ್ಷದ ಒಂದು

“ಸೊನ್ನೆಗಳು ಒತ್ತೊತ್ತಾಗಿವೆ, ಸ್ವಲ್ಪ ಬಿಡಿಸಿ ಬರಿಯಪ್ಪಾ,” ಎಂದು ಹೆಡ್ಮಾಸ್ಟರು ಕಲ್ಲುಕುಟಿಗನಿಗೆ ಹೇಳುತ್ತಿದ್ದರು. ಈಗಷ್ಟೇ ಮುಚ್ಚಿದ ಗುಂಡಿಯ ಮಣ್ಣು ಇನ್ನೂ ಹಸಿಯಾಗಿತ್ತು. ಪಕ್ಕದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದದ್ದು ಹೆಸರಲ್ಲ, ಸಂಖ್ಯೆ: ೧೦,೦೦,೦೦೧. ಅದು ಲೆಕ್ಕದ ಮೇಷ್ಟ್ರ ಕೊನೆಯಾಸೆ.

“ಯಾವುದರಿಂದ್ಲೂ ಭಾಗ ಹೋಗದ ಸಂಖ್ಯೆ. ನಮ್ಮ ಮೇಷ್ಟ್ರೂ ಹಾಗೇ, ಯಾರಿಗೂ ಜಗ್ಗಿದವರಲ್ಲ,” ಎಂದು ಹೆಡ್ಮಾಸ್ಟರು ಕಣ್ಣೊರೆಸಿಕೊಂಡರು. ಹಳೆಯ ವಿದ್ಯಾರ್ಥಿಗಳು ತಲೆಯಾಡಿಸಿದರು.

ಮೇಷ್ಟ್ರ ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಅಳು ಬಂದಿರಲಿಲ್ಲ, ಬರುವುದೂ ಬೇಡವಾಗಿತ್ತು. ಇಷ್ಟು ವರ್ಷ ಹಲ್ಲು ಕಚ್ಚಿಕೊಂಡು ಕಾದದ್ದು ಈ ಗಳಿಗೆಗೇ. ಮನೆಯವರ ಪರವಾಗಿ ಎರಡು ಮಾತು ಆಡುವ ಸರದಿ ಅವಳದು. ಅವಳ ಮುಖ ನೋಡಿದ್ದೇ ತಾಯಿಗೆ ಗೊತ್ತಾಯಿತು.

“ಇವತ್ತೊಂದಿನ ಸುಮ್ನಿರೇ.”

“ಅವತ್ತೂ ಹಾಗೇ ಅಂದಿದ್ದೆ, ಅಮ್ಮ.”

*

ಏಳನೇ ತರಗತಿ. ಅಪ್ಪ ಬೋರ್ಡಿನ ತುಂಬ ಇದೇ ಸಂಖ್ಯೆಯ ಭಾಗಾಕಾರ ಮಾಡಿ, ನೂರರೊಳಗಿನ ಅವಿಭಾಜ್ಯಗಳನ್ನೆಲ್ಲ ಮುಗಿಸಿ, “ಯಾವುದರಿಂದ್ಲೂ ಹೋಗಲ್ಲ. ಇದೂ ಅವಿಭಾಜ್ಯ,” ಎಂದು ಕೈ ಝಾಡಿಸಿದ. ಮಗಳು ಸುಮ್ಮನಿರಬಾರದೇ!

“ನೂರ ಒಂದರಿಂದ ಹೋಗುತ್ತೆ, ಅಪ್ಪಾ.”

ಮಹಾರಾಯ ನೂರಕ್ಕೇ ನಿಲ್ಲಿಸಿಬಿಟ್ಟಿದ್ದ! ಇನ್ನೊಂದೇ ಒಂದು ಮುಂದೆ ಹೋಗಿದ್ದರೆ ಸಿಕ್ಕುತ್ತಿತ್ತು. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ.

ಸಂಜೆ ಅಡುಗೆಮನೆಯಲ್ಲಿ ಸ್ಲೇಟು ಹಿಡಿದು ಭಾಗಿಸಿದ. ಶೇಷ ಸೊನ್ನೆ. ಬಾಗಿಲ ಸಂದಿಯಿಂದ ಅವಳು ಕಣ್ಣಾರೆ ನೋಡಿದಳು. ಅಂಗೈಯಲ್ಲಿ ಸ್ಲೇಟು ಉಜ್ಜಿ ಎದ್ದುಹೋದ. ಅವಳು ಬಾಯಿ ತೆರೆಯುವಷ್ಟರಲ್ಲಿ ತಾಯಿ, “ಸುಮ್ನಿರೇ” ಎಂದಳು. ಮರುದಿನ ಮತ್ತೆ ಅವಳನ್ನು ಬೆಂಚು ಹತ್ತಿಸಿ, “ಭಾಗ ಹೋಗಲ್ಲ, ತಪ್ಪು ನಂದೇ” ಎಂದು ಎಲ್ಲರೆದುರು ಹೇಳಿಸಿದ. ಎಲ್ಲ ಗೊತ್ತಿದ್ದೂ ಹೇಳಿಸಿದ! ಅಧಿಕಪ್ರಸಂಗಿ ಎಂಬ ಅಡ್ಡಹೆಸರು ಅವಳಿಗಂಟಿತು. ಕಾಲೇಜಿನಲ್ಲಿ ಗಣಿತ ತೆಗೆದುಕೊಳ್ಳುತ್ತೇನೆಂದರೆ ಅದಕ್ಕೂ ಬಿಡಲಿಲ್ಲ.

*

“ಎಲ್ರೂ ಫೋನ್ ತೆಗೀರಿ. ಆ ಸಂಖ್ಯೆನ ನೂರ ಒಂದರಿಂದ ಭಾಗಿಸಿ,” ಎಂದಳು.

“ಇದೇನಮ್ಮಾ, ಮಣ್ಣು ಮಾಡಿದ ಜಾಗದಲ್ಲಿ?” ಎಂದರು ಹೆಡ್ಮಾಸ್ಟರು.

“ಲೆಕ್ಕದ ಮೇಷ್ಟ್ರಲ್ವಾ ಸಾರ್, ಲೆಕ್ಕದಲ್ಲೇ ಕಳಿಸಿಕೊಡೋಣ. ಭಾಗಿಸಿ.”

ಒಬ್ಬೊಬ್ಬರಾಗಿ ಜೇಬಿಗೆ ಕೈಹಾಕಿದರು. ಯಾರೂ ಒತ್ತಿ ಮುಗಿಸಿರಲಿಲ್ಲ.

“ಒಂಬತ್ತು ಸಾವಿರದ ಒಂಬೈನೂರ ಒಂದು,” ಎಂದಳು ತಾಯಿ.

ಮಗಳು ಗಕ್ಕನೆ ತಿರುಗಿದಳು.

“ಅವತ್ತು ಅವರು ಸ್ಲೇಟು ಸರಿಯಾಗಿ ಅಳಿಸಿರ್ಲಿಲ್ಲ ಕಣೇ,” ತಾಯಿ ಹಸಿ ಮಣ್ಣನ್ನೇ ನೋಡುತ್ತ ಹೇಳಿದಳು. “ಉಳಿದದ್ದನ್ನ ನಾನೇ ಒರೆಸಿದೆ.”

ಬಾಯಿಗೆ ಬಂದ ತುತ್ತು ಕಹಿಯಾದಂತಾಯಿತು ಮಗಳಿಗೆ. ಸುತ್ತಲಿನ ಫೋನುಗಳಲ್ಲಿ ಅದೇ ಉತ್ತರ ಬಂದಿತ್ತು. ಯಾರೂ ತಲೆಯೆತ್ತಲಿಲ್ಲ. ಹೆಡ್ಮಾಸ್ಟರಂತೂ ಎರಡು ಸಲ ಭಾಗಿಸಿದರು.

“ಹಾಗಾದ್ರೆ ಏನು ಕೆತ್ತಲಿ?” ಎಂದ ಕಲ್ಲುಕುಟಿಗ.

“ಅಳಿಸಿಬಿಡಪ್ಪಾ. ಬರೀ ಹೆಸರು ಹಾಕು,” ಎಂದಳು ತಾಯಿ.

“ಬೇಡ,” ಎಂದಳು ಮಗಳು. “ಅದನ್ನೇ ಕೆತ್ತಿ. ಕೆಳಗೆ ‘ಭಾಗ ಹೋಗದ ಸಂಖ್ಯೆ’ ಅಂತಾನೂ ಹಾಕಿ. ಬಂದೋರೆಲ್ಲ ಭಾಗಿಸಿ ನೋಡ್ಲಿ.”

ಅವನು ಉಳಿಯ ಮೇಲೆ ಸುತ್ತಿಗೆಯಿಂದ ಹೊಡೆಯತೊಡಗಿದ. ಪ್ರತಿ ಏಟಿಗೂ ತಾಯಿಯ ಭುಜ ಬೆಚ್ಚುತ್ತಿತ್ತು. ಮಗಳು ಅವಳನ್ನು ಹಿಡಿದುಕೊಳ್ಳಲಿಲ್ಲ. ಕಲ್ಲಿನಲ್ಲಿ ಸೊನ್ನೆಗಳು ಒಂದೊಂದಾಗಿ ಮೂಡುವುದನ್ನೇ ನೋಡುತ್ತ ನಿಂತಳು.