ತೆರಿಗೆ ತಜ್ಞ ಮೂಕಪ್ಪ

ರೇಷನ್ ಅಂಗಡಿಯ ಮಿಷನ್ನು ಮೂಕಪ್ಪನ ಹೆಬ್ಬೆಟ್ಟನ್ನು ಒಂದೇ ಸಲಕ್ಕೆ ಒಪ್ಪಿದ್ದೇ ಇರಲಿಲ್ಲ. ಮೂವತ್ತು ವರ್ಷ ಚನ್ನಗಿರಿಯ ಮಂಡಿಗಳಲ್ಲಿ ಅಡಿಕೆ ಚೀಲ ಹೊತ್ತವನ ಬೆರಳಲ್ಲಿ ಗೆರೆ ಉಳಿಯುವುದಾದರೂ ಹೇಗೆ? ಎಲ್ಲವನ್ನೂ ಗೋಣಿ ತಿಂದುಹಾಕಿತ್ತು. ಪ್ರತಿ ತಿಂಗಳು ಹೆಬ್ಬೆಟ್ಟು ತೊಳೆದು, ಲುಂಗಿಗೆ ಒರೆಸಿ, ತಲೆಯ ಎಣ್ಣೆಗೆ ಸವರಿ ನಾಲ್ಕೈದು ಸಲ ಒತ್ತಿದ ಮೇಲೆ ಮಿಷನ್ನಿಗೆ ಕರುಣೆ ಬರುತ್ತಿತ್ತು.

ಈ ತಿಂಗಳು ಮೊದಲ ಸಲಕ್ಕೇ ತಗೊಂಡಿತು. ಮೂಕಪ್ಪ ಖುಷಿಯಿಂದ ಚೀಲದ ಬಾಯಿ ಅಗಲಿಸಿದ.

"ಹೆಬ್ಬೆಟ್ಟು ನಿಂದೇ ಐತೆ, ಕಾರ್ಡೇ ಇಲ್ಲ," ಎಂದ ಅಂಗಡಿಯ ಗಾದ್ರಪ್ಪ. "ರದ್ದಾಗೈತಂತೆ. ಆಫೀಸಿಗೆ ಹೋಗಿ ಕೇಳು."

ಮನೆಯಲ್ಲಿ ಐದು ಹೊಟ್ಟೆ. ಹೆಂಡತಿ ಹೊನ್ನೂರಮ್ಮ ಆಗಲೇ ಅಕ್ಕಿ ಡಬ್ಬಿಯನ್ನು ಬೋರಲು ಹಾಕಿ ಬಡಿದಿದ್ದಳು. ಮೂಕಪ್ಪ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹಾಗೇ ಕಾರ್ಡಿನ ಆಫೀಸಿಗೆ ಹೋದ.

ಅಲ್ಲಿ ಗುಮಾಸ್ತ ಸಿದ್ದಲಿಂಗೇಶ ಕಂಪ್ಯೂಟರಿನಲ್ಲಿ ಹೆಸರು ನೋಡಿದವನೇ ಎದ್ದು ನಿಂತ. "ಬರ್ರಿ ಸಾರ್, ಕುಂದರ್ರಿ," ಎಂದು ಕುರ್ಚಿ ತೋರಿಸಿದ. ಹುಟ್ಟಿದಾಗಿನಿಂದ ಯಾವ ಆಫೀಸಿನವರೂ ಮೂಕಪ್ಪನಿಗೆ ಕುರ್ಚಿ ಕೊಟ್ಟಿರಲಿಲ್ಲ. ಏನೋ ದೊಡ್ಡ ಗಂಡಾಂತರವೇ ಇರಬೇಕೆಂದುಕೊಂಡು ನಿಂತೇ ಇದ್ದ.

"ನಿಮ್ಮಂಥೋರು ಬಡವರ ಅಕ್ಕಿಗೆ ಕೈ ಹಾಕಿದ್ರೆ ಹೆಂಗೆ ಸಾರ್?" ಎಂದು ಸಿದ್ದಲಿಂಗೇಶ ಫೋನು ಮುಂದೆ ಹಿಡಿದ. "ಈ ಸಲ ಎಲ್ಲಾರ ಹೆಸರೂ ಇಂಟರ್‌ನೆಟ್‌ನಾಗೆ ಹಾಕಿ ನೋಡಿದ್ವಿ."

ಫೋನಿನಲ್ಲಿ ಮೂಕಪ್ಪ ಇದ್ದ. ಅದೇ ಮೀಸೆ, ಮೇಲೆ ಕರಿ ಕೋಟು. ಕೆಳಗಿದ್ದದ್ದನ್ನು ಗುಮಾಸ್ತನೇ ಓದಿ ಹೇಳಿದ. "ಮೂಕಪ್ಪ, ಚನ್ನಗಿರಿ. ಹಿರಿಯ ತೆರಿಗೆ ಮತ್ತು ಹೂಡಿಕೆ ತಜ್ಞರು. ಇಪ್ಪತ್ತೊಂದು ವರ್ಷಗಳ ಅನುಭವ. ಬಿಡುವಿನಲ್ಲಿ ಗಾಲ್ಫ್ ಆಡುತ್ತಾರೆ."

"ಗಾಲ್ಫ್ ಅಂದ್ರೇನು ಸ್ವಾಮಿ?"

"ಆಡೋರು ನೀವು, ನನ್ನ ಕೇಳ್ತೀರಲ್ಲ."

ಮೂಕಪ್ಪ ಅಂಗಿ ಜಾರಿಸಿ ಹೆಗಲು ತೋರಿಸಿದ. ಚೀಲ ಹೊತ್ತು ಹೊತ್ತು ಅಲ್ಲಿ ಚಪ್ಪಲಿಯ ಅಟ್ಟೆಯಂಥ ಜಡ್ಡು ಎದ್ದಿತ್ತು. "ನಾನು ಹಮಾಲಿ ಸ್ವಾಮಿ. ನೋಡ್ರಿ."

"ಹೆಗಲು ಅಪ್‌ಲೋಡ್ ಮಾಡಾಕೆ ಬರಲ್ಲ ಸಾರ್. ನೀವು ತಜ್ಞರು ಅನ್ನಾಕೆ ಅರವತ್ಮೂರು ಲೇಖನ ಅದಾವೆ. ಹಮಾಲಿ ಅನ್ನಾಕೆ ಒಂದಾದ್ರೂ ಐತಾ? ಇಂಟರ್‌ನೆಟ್‌ನಾಗೆ ತೋರಿಸ್ರಿ, ಅವತ್ತೇ ಕಾರ್ಡು ಕೊಡ್ತೀನಿ."

ದಾರಿಯುದ್ದಕ್ಕೂ ಮೂಕಪ್ಪನಿಗೆ ಆ ಕೋಟಿನದೇ ಯೋಚನೆ. ಮನೆ ಹತ್ತಿರ ಬಂದಾಗ ನೆನಪಾಯಿತು. ಹೋದ ವರ್ಷ ಬಸ್‌ಸ್ಟ್ಯಾಂಡ್ ಪಕ್ಕದ ಮಹಡಿಯಲ್ಲಿ ಕಂಪ್ಯೂಟರ್ ಆಫೀಸು ಇಟ್ಟಿರುವ ಓಂಕಾರ್ ಎಂಬ ಮಹಾನುಭಾವ ಮಂಡಿಯ ಗೇಟಿನಲ್ಲಿ ಟೇಬಲ್ ಹಾಕಿ, "ಕೂಲಿಕಾರರ ಕಾರ್ಡು ಪುಕ್ಕಟೆ ಮಾಡಿಸಿಕೊಡ್ತೀನಿ," ಎಂದು ಹನ್ನೆರಡು ಮಂದಿಯ ಆಧಾರ್ ಜೆರಾಕ್ಸ್, ಫೋಟೋ ತಗೊಂಡಿದ್ದ. ಫೋಟೋಕ್ಕೆ ಇದ್ದದ್ದು ಒಂದೇ ಕೋಟು. ಒಬ್ಬರು ಬಿಚ್ಚಿ ಇನ್ನೊಬ್ಬರಿಗೆ ತೊಡಿಸುತ್ತ ಹನ್ನೆರಡೂ ಮಂದಿ ತೆಗೆಸಿಕೊಂಡಿದ್ದರು. ಕಾರ್ಡು ಇವತ್ತಿಗೂ ಬಂದಿರಲಿಲ್ಲ.

ಓಂಕಾರನ ಆಫೀಸಿನಲ್ಲಿ ಕೆಲಸ ಮಾಡುವ ಅರ್ಪಿತಾ ಮೂಕಪ್ಪನ ಓಣಿಯ ಹುಡುಗಿ. ಎಂ.ಎ. ಓದಿದವಳು. ಸಂಜೆ ಕೇಳಿದ್ದಕ್ಕೆ ಅವಳ ಮುಖ ಸಣ್ಣದಾಯಿತು.

"ದೊಡ್ಡಪ್ಪ, ಆ ಅರವತ್ಮೂರನ್ನೂ ಬರ್ದೋಳು ನಾನೇ."

"ನೀನ್ಯಾಕೆ ನನ್ನ ಹೆಸರಿನಾಗೆ ಬರೀತೀಯ?"

"ಬ್ಯಾಕ್‌ಲಿಂಕಿಗೆ. ಅಂದ್ರೆ, ಬೇರೆಯೋರ ಗೋಡೆ ಮೇಲೆ ನಮ್ಮ ಅಂಗಡಿಗೆ ಬಾಣದ ಗುರುತು ಬರಿಯೋದು. ಬಾಣ ಜಾಸ್ತಿ ಆದಷ್ಟೂ ಅಂಗಡಿ ದೊಡ್ಡದು ಅಂತ ಗೂಗಲ್ಲು ತಿಳ್ಕಂತೈತೆ. ಸುಮ್ನೆ ಬರಿಯಾಕೆ ಗೋಡೆಯೋರು ಬಿಡಲ್ಲ. ಒಳ್ಳೆ ಲೇಖನ ಬರ್ಕೊಡ್ಬೇಕು, ಅದರ ನಡುವೆ ಒಂದು ಬಾಣ. ಲೇಖನ ಬರೆದೋರು ದೊಡ್ಡ ತಜ್ಞರಾಗಿರ್ಬೇಕು, ಆಧಾರಿನಾಗೆ ಇರೋ ನಿಜವಾದ ಮನುಷ್ಯರಾಗಿರ್ಬೇಕು. ಅದಕ್ಕೆ ನೀವು."

"ನನ್ನ ಬಾಣ ಎಲ್ಲಿಗೆ ಹೋಗ್ತೈತೆ?"

"ಒಂದು ಸಾಲದ ಕಂಪನಿಗೆ," ಎಂದಳು ಅರ್ಪಿತಾ, ನೆಲ ನೋಡುತ್ತ.

ಉಳಿದವರ ವಿಷಯವೂ ಹೊರಬಿತ್ತು. ಮೂವತ್ತು ವರ್ಷ ಮೆಣಸಿನಕಾಯಿ ಬಜ್ಜಿ ಕರಿದು ಮುಖ ಸೀದುಹೋಗಿದ್ದ ತಿಪ್ಪಮ್ಮ ಮುಖಕಾಂತಿಯ ತಜ್ಞೆ. ಮಂಡಿಯ ಕಸ ಗುಡಿಸುವ ಅಜ್ಜಮ್ಮ ದಂತವೈದ್ಯೆ. ಅಜ್ಜಮ್ಮನ ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ.

ಮಾರನೇ ದಿನ ಓಂಕಾರನೇ ಮೂಕಪ್ಪನನ್ನು ಹುಡುಕಿಕೊಂಡು ಮಂಡಿಗೆ ಬಂದ. ಬೆಂಗಳೂರಿನ ದೊಡ್ಡ ವೆಬ್‌ಸೈಟಿನವರು ಲೇಖಕರನ್ನು ವಿಡಿಯೋದಲ್ಲಿ ನೋಡಬೇಕು ಎನ್ನುತ್ತಿದ್ದರಂತೆ. "ಈಗೀಗ ಸುಳ್ಳು ಲೇಖಕರು ಜಾಸ್ತಿ ಆಗ್ಯಾರೆ, ಅದಕ್ಕೆ," ಎಂದು ನಿಟ್ಟುಸಿರು ಬಿಟ್ಟ. ಆ ನಿಟ್ಟುಸಿರನ್ನು ನೀವು ನೋಡಬೇಕಿತ್ತು. "ಕೋಟು ಹಾಕ್ಕಂಡು ಕೂತ್ಕ. ತಲೆ ಆಡಿಸು. ಬಾಯಿ ಬಿಡಬ್ಯಾಡ. ಗಂಟಲು ಕಟ್ಟೈತೆ ಅಂತ ನಾನು ಹೇಳ್ತೀನಿ."

"ಬರೀ ಕೂರಾದಾ? ಆಗ್ಲಿ ಸ್ವಾಮಿ," ಎಂದ ಮೂಕಪ್ಪ.

ಓಂಕಾರನಿಗೆ ಮಂಡಿಯ ರಿವಾಜು ತಿಳಿಯದು. ತೂಕದಲ್ಲಿ ಮೋಸ ಕಂಡರೆ ಹಮಾಲರು ಜಗಳಕ್ಕೆ ಹೋಗುವುದಿಲ್ಲ. ಆ ಚೀಲದ ಮೇಲೆ ಒಬ್ಬ ಕೂರುತ್ತಾನೆ. ಅವನು ಏಳುವ ತನಕ ಮಂಡಿಯಲ್ಲಿ ಒಂದು ಚೀಲವೂ ಮೇಲೇಳುವುದಿಲ್ಲ. ಕೂರುವುದರಲ್ಲಿ ಮೂಕಪ್ಪ ಹೆಸರುವಾಸಿ. ಒಮ್ಮೆ ಬೆಳಿಗ್ಗೆ ಕೂತವನು ಸಂಜೆ ಎದ್ದದ್ದು, ಸಾಹುಕಾರ ತಪ್ಪೊಪ್ಪಿಕೊಂಡು ತಾನೇ ಚಹಾ ತರಿಸಿದ ಮೇಲೆ.

ಮೂಕಪ್ಪ ಮಹಡಿ ಹತ್ತಿದ. ಹಿಂದೆಯೇ ತಿಪ್ಪಮ್ಮ, ಅಜ್ಜಮ್ಮ, ಉಳಿದವರೂ ಹತ್ತಿ ಬಾಗಿಲ ಹೊರಗೆ ನಿಂತರು. ಮೇಲೆ ಕರಿ ಕೋಟು, ಕೆಳಗೆ ಚೌಕಳಿ ಲುಂಗಿ, ಮೂಕಪ್ಪ ಲ್ಯಾಪ್‌ಟಾಪಿನ ಮುಂದೆ ಕೂತ. ಪರದೆಯಲ್ಲಿ ಸುಚಿತ್ರಾ ಎಂಬ ಸಂಪಾದಕಿ ಕಾಣಿಸಿಕೊಂಡಳು.

"ನಮಸ್ಕಾರ ಸರ್. ಪ್ರತಿ ಕುಟುಂಬವೂ ಆರು ತಿಂಗಳ ಖರ್ಚಿನ ಹಣ ಎತ್ತಿಡಬೇಕು ಅಂತ ಬರೆದಿದ್ದೀರಿ. ತುಂಬಾ ಚೆನ್ನಾಗಿದೆ. ನೀವು ಹೇಗೆ ಎತ್ತಿಡ್ತೀರಿ?"

ಓಂಕಾರ ಆಚೆಯಿಂದ ಗಂಟಲು ಮುಟ್ಟಿ ಮುಟ್ಟಿ ತೋರಿಸಿದ.

"ಅವ್ವ, ನಮ್ಮ ಮನ್ಯಾಗೆ ಆರು ದಿನದ ಅಕ್ಕಿ ಇಲ್ಲ," ಎಂದ ಮೂಕಪ್ಪ. "ನಾನು ಹಮಾಲಿ. ನಿಮ್ಮ ಗೋಡೆಗೆ ನನ್ನ ಮುಖ ಅಂಟಿಸಿದ್ದಕ್ಕೆ ರೇಷನ್ ಕಾರ್ಡು ಹೋತು. ಅದನ್ನ ಬರಿಯೋಳು ಇಗಾ, ಪಕ್ಕದಾಗೆ ನಿಂತಿರೋ ಈ ಹುಡುಗಿ ಅರ್ಪಿತಾ. ಈ ಕೋಟು ನಮ್ಮ ಹನ್ನೆರಡೂ ಮಂದಿದು."

ಓಂಕಾರ ಲ್ಯಾಪ್‌ಟಾಪು ಮುಚ್ಚಲು ಹಾರಿದ. ಮೂಕಪ್ಪ ಅದರ ಅಂಚಿಗೆ ಕೈಯಿಟ್ಟ. ಕ್ವಿಂಟಲ್ ಎತ್ತುವ ಕೈ, ಓಂಕಾರನಿಂದ ಅಲುಗಲಿಲ್ಲ.

"ಎದ್ದೇಳಲೇ ಮ್ಯಾಕೆ."

"ಕೂರು ಅಂದಿದ್ದು ನೀವೇ ಅಲ್ವಾ ಸ್ವಾಮಿ."

ಅಷ್ಟರಲ್ಲಿ ಅಜ್ಜಮ್ಮ ಒಳಬಂದು, ಕೋಟು ಇಸಿದುಕೊಂಡು ತೊಟ್ಟು, ಪರದೆಗೆ ಮುಖವಿಟ್ಟು ಬಾಯಿ ಅಗಲಿಸಿದಳು. "ನಾನು ಹಲ್ಲಿನ ಡಾಕ್ಟರು, ನೋಡು ಮಗಳೆ." ಅವಳ ಹಿಂದೆ ತಿಪ್ಪಮ್ಮ ಸರದಿಯಲ್ಲಿ ನಿಂತಿದ್ದಳು.

ಸುಚಿತ್ರಾ ನಗಲಿಲ್ಲ. "ನಾನೂ ಮೂರು ವರ್ಷ ಬೇರೆಯವರ ಹೆಸರಲ್ಲಿ ಬರೆದವಳೇ," ಎಂದಳು. "ಅರ್ಪಿತಾ, ಇವರು ಹೇಳಿದ್ದನ್ನ ಹಾಗೇ ಬರೆದು ಕಳಿಸಿ. ಇಬ್ಬರ ಹೆಸರೂ ಹಾಕ್ತೀನಿ."

ಅರ್ಪಿತಾಳ ಕೆಲಸ ಅಲ್ಲೇ ಹೋಯಿತು. ಆದರೆ ಬ್ಯಾಗು ತಗೊಂಡು ಇಳಿಯುವಾಗ ಅರವತ್ತಮೂರು ಗೋಡೆಗಳ ಪಾಸ್‌ವರ್ಡುಗಳೂ ಅವಳ ಜೊತೆಗಿದ್ದವು. ಹೊಸ ಲೇಖನ ಬಂದ ದಿನವೇ ಆ ಗೋಡೆಗಳ ಮೇಲಿನ ಬಾಣಗಳನ್ನು ಒಂದೊಂದಾಗಿ ತಿರುಗಿಸಿದಳು. ಈಗ ಎಲ್ಲವೂ ಆ ಹೊಸ ಲೇಖನವನ್ನೇ ತೋರಿಸುತ್ತಿದ್ದವು.

ವಾರ ಕಳೆದು ಹನ್ನೆರಡು ಮಂದಿಯೂ ಅರ್ಪಿತಾಳೂ ಕಾರ್ಡಿನ ಆಫೀಸಿಗೆ ಹೋದರು. ಸಿದ್ದಲಿಂಗೇಶ ಹೆಸರು ಹೊಡೆದ. ಮೊದಲಿಗೇ ಬಂತು: 'ನಾನು ಹಮಾಲಿ. ಹೇಳಿದವರು ಮೂಕಪ್ಪ, ಬರೆದವರು ಅರ್ಪಿತಾ.' ಫೋಟೋದಲ್ಲಿ ಮುಖವಿರಲಿಲ್ಲ, ಜಡ್ಡುಗಟ್ಟಿದ ಹೆಗಲಿತ್ತು.

"ಹೆಗಲು ಅಪ್‌ಲೋಡ್ ಆಗೈತೆ ಸ್ವಾಮಿ," ಎಂದ ಮೂಕಪ್ಪ.

ಸಿದ್ದಲಿಂಗೇಶ ಪೂರ್ತಿ ಓದಿದ. ಕಣ್ಣು ಕೂಡ ಒರೆಸಿಕೊಂಡ. "ಭಾಳ ಚೆನ್ನಾಗಿ ಐತೆ ಸಾರ್," ಎಂದ. "ಹಂಗಾದ್ರೆ ಅರವತ್ನಾಲ್ಕು ಲೇಖನ ಆದ್ವು. ಲೇಖಕರ ಆದಾಯ ಎಷ್ಟು ಅಂತ ಒಂದು ಸರ್ಟಿಫಿಕೇಟ್ ತಂದುಬಿಡ್ರಿ."

ಮೂಕಪ್ಪ ಅವನ ಮುಖ ನೋಡಿದ, ಅವತ್ತಿನ ಕುರ್ಚಿ ನೋಡಿದ. ಯಾರೂ ಹೇಳದೆಯೇ ಹೋಗಿ ಅದರಲ್ಲಿ ಕೂತ. ಉಳಿದ ಹನ್ನೊಂದು ಮಂದಿ ಕೌಂಟರಿನ ಮುಂದೆ ಉದ್ದಕ್ಕೂ ನೆಲದ ಮೇಲೆ ಕೂತರು. ಅಜ್ಜಮ್ಮ ಓಂಕಾರನಿಗೆ ವಾಪಸು ಕೊಡದ ಕೋಟು ಮಡಚಿ ಅದರ ಮೇಲೇ ಕೂತಳು.

"ಏನ್ರಿ ಇದು? ಏಳ್ರಿ, ಸಾಹೇಬ್ರು ಬರೋ ಹೊತ್ತು."

"ಬರ್ಲಿ. ಕಾರ್ಡು ಬಂದ ಮ್ಯಾಲೆ ಏಳ್ತೀವಿ."

ಅರ್ಪಿತಾ ಮೂಲೆಯಲ್ಲಿ ಫೋನು ತೆಗೆದು ಟೈಪು ಮಾಡತೊಡಗಿದಳು. "ಸಾರ್, ನಿಮ್ಮ ಪೂರ್ತಿ ಹೆಸರು ಹೇಳ್ರಿ. ಅರವತ್ತೈದನೇದು ನಿಮ್ಮ ಮ್ಯಾಲೆ. ಇಂಟರ್‌ನೆಟ್‌ನಾಗೆ ಬಂದ್ರೆ ತಾನೆ ನೀವು ನಂಬೋದು?"

ಸಿದ್ದಲಿಂಗೇಶ ಬೆವರು ಒರೆಸಿಕೊಂಡ. ಕಂಪ್ಯೂಟರಿನ ಕಡೆ ತಿರುಗಿ ಮೂಕಪ್ಪನ ರದ್ದಾದ ಕಾರ್ಡಿನ ಕಡತ ತೆರೆದ. ಆಮೇಲೆ ಕಿಟಕಿಯಿಂದ ಎದುರಿನ ಹೋಟೆಲಿಗೆ ಕೂಗಿ ಹನ್ನೆರಡು ಚಹಾ ಹೇಳಿದ.

"ಹದಿಮೂರು," ಎಂದ ಮೂಕಪ್ಪ ಕೂತಲ್ಲಿಂದಲೇ, ಅರ್ಪಿತಾಳ ಕಡೆ ಕೈ ತೋರಿಸಿ. "ಬರಿಯೋರನ್ನ ಬಿಡಬ್ಯಾಡ್ರಿ."