ಅಂಚು ಮಡಚದ ಮೂರು ಕಿವಿ

"ಬಾಲದ ನಂಬರ್ ತಿದ್ದೋವಾಗ ಅದಲುಬದಲು ಮಾಡಿದೀಯ ಕಣೋ. ಒಪ್ಕೊಂಡ್ಬಿಡು," ಎಂದರು ರೇಣುಕಾಪ್ರಸಾದ್ ಸರ್.

"ಇಲ್ಲ ಸರ್."

"ಹಂಗಾದ್ರೆ ತೂತು ಎಲ್ಲಿಗೆ ಹೋಯ್ತು? ಭದ್ರಾವತಿ ಬಸ್ ಹತ್ತಿ ಹೋಯ್ತಾ?"

ನಾನು ಜ್ಞಾನೇಶ. ಸರ್ ನಡೆಸುವ ಶಿವಮೊಗ್ಗದ ಈ ಲ್ಯಾಬಿನಲ್ಲಿ ಇಲಿಗಳನ್ನು ನೋಡಿಕೊಳ್ಳುವವನು. ದಿನಾ ಭದ್ರಾವತಿಯಿಂದ ಬಂದು ಪಂಜರ ತೊಳೆದು, ನೀರು-ಕಾಳು ಇಟ್ಟು, ಬಾಲದ ಮೇಲೆ ಮಾರ್ಕರಿನಲ್ಲಿ ಬರೆದ ನಂಬರು ಮಾಸುವ ಮೊದಲೇ ತಿದ್ದುತ್ತೇನೆ. ಈ ಪ್ರಯೋಗ ಶುರುವಾದ ಐದು ವಾರದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಇಪ್ಪತ್ತನಾಲ್ಕು ಬಿಳಿ ಇಲಿ. ಎಲ್ಲದರ ಬಲಗಿವಿಯ ತಮಟೆಗೂ ತೂತು. ಇಲಿಯ ಕಿವಿತಮಟೆಗೆ ಸುಮ್ಮನೆ ತೂತು ಹಾಕಿದರೆ ಹತ್ತು ದಿನದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಮನುಷ್ಯರಲ್ಲಿ ವರ್ಷಗಟ್ಟಲೆ ಮುಚ್ಚದೆ ಸೋರುವ ಕಿವಿಗೆ ತೇಪೆ ಕಂಡುಹಿಡಿಯಬೇಕಾದರೆ ಇಲಿಯಲ್ಲೂ ಮುಚ್ಚದ ತೂತೇ ಬೇಕು. ಅದಕ್ಕೆ ಸರ್ ಕಾದ ತಂತಿಯಲ್ಲಿ ತೂತು ಮಾಡಿ, ಸಣ್ಣ ಕೊಕ್ಕೆಯಿಂದ ಅದರ ಅಂಚನ್ನು ಒಳಕ್ಕೆ ಮಡಚುತ್ತಾರೆ. ಮಡಚಿದ ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ. ಎಂಟು ವಾರ ಹಾಗೇ ಇದ್ದರೆ ತೇಪೆ ಹಾಕಿ ನೋಡಬಹುದು.

ಇದನ್ನೆಲ್ಲ ಹೇಳಿಕೊಟ್ಟವರು ಪಿಎಚ್‌ಡಿ ಮಾಡುತ್ತಿರುವ, ಶಂಕರಘಟ್ಟದಿಂದ ಬರುವ ಮೇಧಾ ಮೇಡಂ. ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರ ಏಟಿಗೆ ನನ್ನ ಎಡಗಿವಿಯ ತಮಟೆ ಹರಿದಿತ್ತು. ಮಾರನೆಯ ದಿನದಿಂದ ನಾನು ಸ್ಕೂಲಿನ ಕಡೆ ತಲೆ ಹಾಕಲಿಲ್ಲ. ಇಲಿಯದು ಹತ್ತು ದಿನಕ್ಕೆ ಮುಚ್ಚುವುದಾದರೆ ನನ್ನದು ಹನ್ನೊಂದು ವರ್ಷವಾದರೂ ಯಾಕೆ ಮುಚ್ಚಿಲ್ಲ ಎಂದು ಕೇಳಿದ್ದೆ. ಅವರು ನಗದೆ, ಚಿತ್ರ ಬರೆದು ತೋರಿಸಿದ್ದರು.

ಈವತ್ತು ಹನ್ನೊಂದಕ್ಕೆ ಇಲಿಗಳಿಗೆ ಮತ್ತು ಬರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೊನೆಯ ಮೂರರ ತೂತು ಮುಚ್ಚಿತ್ತು. ಮೂರು ಗಂಟೆಗೆ ಪ್ರಾಣಿಪ್ರಯೋಗ ಪರಿಶೀಲಿಸುವ ಸಮಿತಿ ಬರುವುದಿತ್ತು. ಹನ್ನೊಂದೂಕಾಲಿಗೆ ತಪ್ಪು ನನ್ನದಾಯಿತು.

"ಪಕ್ಕದ ಪಂಜರದಲ್ಲಿರೋ, ಆಪರೇಷನ್ ಆಗದ ಇಲಿಗಳಿಗೆ ಈ ನಂಬರ್ ಬರ್ದಿದೀಯ ನೀನು," ಎನ್ನುತ್ತ ಸರ್ ರಿಜಿಸ್ಟರಿನಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಗೀಚಿದರು. "ಕೆಲ್ಸದಿಂದ ತೆಗೆಯಲ್ಲ ಮಾರಾಯ. ಸೈನ್ ಹಾಕು. ಓದಿಲ್ದವನು, ಗೊತ್ತಾಗ್ಲಿಲ್ಲ ಅಂದ್ರೆ ಸಮಿತಿಯೋರೂ ಬಿಟ್ಬಿಡ್ತಾರೆ."

"ಉಳಿದ ಇಪ್ಪತ್ತೊಂದು?"

"ಯಾವ್ದು ಯಾವ್ದು ಅಂತಾನೇ ಗ್ಯಾರಂಟಿ ಇಲ್ಲ ಅಂದ್ಮೇಲೆ ಇಟ್ಕೊಂಡು ಏನ್ಮಾಡೋದು? ಎಲ್ಲಾ ಮುಗಿಸೋದು. ಹೊಸಾವು ತರ್ಸೋದು."

ನನ್ನ ಒಂದು ಸೈನಿಗೆ ಇಪ್ಪತ್ತೊಂದು ಜೀವ.

"ಮೇಡಂ, ಮುಟ್ಟದೇ ಇರೋ ತಮಟೆ ಹೆಂಗಿರುತ್ತೆ?"

ಮೂಲೆಯಲ್ಲಿದ್ದ ಮೇಧಾ ಮೇಡಂ ತಲೆಯೆತ್ತಿದರು. "ಗಾಜಿನ ಥರ. ತೆಳ್ಳಗೆ."

"ತೂತಾಗಿ ಮುಚ್ಕೊಂಡಿದ್ದು?"

"ದಪ್ಪಗಾಗುತ್ತೆ. ಬಿಳೀ ಕಲೆ ಇರುತ್ತೆ."

"ಹಂಗಾದ್ರೆ ನೋಡಿ."

ಇನ್ನೂ ಮತ್ತು ಇಳಿಯದ ಇಪ್ಪತ್ಮೂರನೇ ಇಲಿಯನ್ನು ಅವರ ಮುಂದೆ ಮಲಗಿಸಿದೆ. ಅವರು ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಉಳಿದೆರಡನ್ನೂ ನೋಡಿದರು.

"ಕಲೆ ಇದೆ ಸರ್. ಮೂರೂ ಆಪರೇಷನ್ ಆದ ಇಲಿಗಳೇ."

"ನೀನು ಸುಮ್ನಿರಮ್ಮ. ನಿನ್ನ ಥೀಸಿಸ್‌ಗೆ ಸೈನ್ ಹಾಕೋನು ನಾನು."

ಅವರು ಮೈಕ್ರೋಸ್ಕೋಪಿನ ದೀಪ ಆರಿಸಿದರು. ನನಗೆ ಸುಮ್ಮನಿರಲು ಆಗಲಿಲ್ಲ.

"ಆಪರೇಷನ್ ದಿನ ಮೇಡಂ ಇರ್ಲಿಲ್ಲ. ನಿಮ್ಮ ಪಕ್ಕ ನಿಂತಿದ್ದು ನಾನು. ಮೊದ್ಲ ಇಪ್ಪತ್ತೊಂದಕ್ಕೂ ಕೊಕ್ಕೆ ಕೇಳಿದ್ರಿ, ಕೊಟ್ಟೆ. ಆಮೇಲೆ ಕೋಟೆ ಏರಿಯಾದ ನಿಮ್ಮ ನೆಂಟರ ಫೋನ್ ಬಂತು. ನಿಮ್ಮ ಕೈಲಿ ಗ್ಲೌಸ್ ಇತ್ತು, ಸ್ಪೀಕರ್ ಹಾಕಿದ್ದು ನಾನೇ. ಗೃಹಪ್ರವೇಶದ ಊಟಕ್ಕೆ ಎಲೆ ಹಾಕಿದೀವಿ, ನೀವು ಬರ್ದೇ ಬಡಿಸಲ್ಲ ಅಂದ್ರು. ಕೊನೇ ಮೂರಕ್ಕೆ ನೀವು ಕೊಕ್ಕೆ ಕೇಳ್ಲೇ ಇಲ್ಲ ಸರ್. ತೂತು ಹಾಕಿ ಎದ್ದು ಹೋದ್ರಿ."

"ಏಯ್! ಪಂಜರ ತೊಳೆಯೋನು ನಂಗೆ ಆಪರೇಷನ್ ಕಲಿಸ್ತೀಯಾ?"

"ಕಲಿಸ್ತಿಲ್ಲ. ಕಂಡಿದ್ದು ಹೇಳ್ತಿದೀನಿ."

ಅವರು ಪೆನ್ನನ್ನು ಮೇಜಿನ ಮೇಲೆ ಎಸೆದರು. ಉರುಳುತ್ತಿದ್ದ ಅದನ್ನು ಹಿಡಿದೆ. ಅವರ ಇಂಗ್ಲಿಷಿನ ಕೆಳಗೆ, ಕನ್ನಡದಲ್ಲಿ, ಸೊಟ್ಟಪಟ್ಟ ಅಕ್ಷರದಲ್ಲಿ ಬರೆದೆ: ನಂಬರು ಅದಲುಬದಲಾಗಿಲ್ಲ. 22, 23, 24ಕ್ಕೆ ಅಂಚು ಮಡಚಿಲ್ಲ. ಪಕ್ಕದಲ್ಲಿದ್ದವನು ನಾನು. ಕೆಳಗೆ ನನ್ನ ಸೈನು.

ಸರ್ ಮುಖ ಕೆಂಪಾಯಿತು. "ಮೇಧಾ, ಆ ಹಾಳೆ ಹರಿದು ಬಿಸಾಕು."

ಮೇಡಂ ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡರು.

"ಪುಟದ ನಂಬರ್ ಪ್ರಿಂಟ್ ಆಗಿದೆ ಸರ್. ಒಂದು ಹಾಳೆ ಕಮ್ಮಿ ಇದ್ರೆ ಸಮಿತಿಯೋರು ಕೇಳ್ತಾರೆ," ಎಂದವರೇ ನನ್ನ ಸಾಲಿನ ಕೆಳಗೆ ಕಲೆಯ ವಿಷಯ ಬರೆದು ಸೈನ್ ಹಾಕಿದರು. ತಾರೀಖು, ಗಂಟೆ ಎರಡೂ ಬರೆದರು.

"ನಾಳೆಯಿಂದ ನೀನು ಬರ್ಬೇಡ," ಎಂದು ಸರ್ ನನಗೆ ಬೆರಳು ತೋರಿಸಿದರು.

"ಆಯ್ತು ಸರ್. ಈವತ್ತು ಮೂರು ಗಂಟೆಗೆ ಸಮಿತಿ ಬರೋವರೆಗೂ ಇಲ್ಲೇ ಇರ್ತೀನಿ."

ಪಂಜರಗಳ ಮುಂದೆ ಸ್ಟೂಲ್ ಎಳೆದು ಕೂತೆ.