ಹಿಮದ ಗುರುತಿನ ಟಯರು

ಜುಲೈ ತಿಂಗಳ ಗುರುವಾರ, ಮಧ್ಯಾಹ್ನ ಎರಡೂವರೆ. ಗಲ್ಫಿನ ದ್ವೀಪದೇಶವೊಂದರ ಸಲ್ಮಾನಿಯಾ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಐವತ್ತನಾಲ್ಕರ ಕಮಲಾಕ್ಷ ಬಿಳಿ ಕಾರೊಂದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಟಯರಿನ ಗಾಳಿ ಬಿಡುತ್ತಿದ್ದ. ಕಾರು ಅವನದಲ್ಲ. ಯಾರಾದರೂ ಕಳ್ಳನೆಂದು ಬೈದಿದ್ದರೂ ಅವನಿಗೆ ಬೇಸರವಾಗುತ್ತಿರಲಿಲ್ಲ. ಬೇಸರ ಮಾಡಿಕೊಳ್ಳಲಿಕ್ಕೂ ತ್ರಾಣ ಬೇಕಲ್ಲ! ಎರಡು ಚಕ್ರ ಚಪ್ಪಟೆಯಾದ ಮೇಲೆ ಗೋಡೆಯ ಗೇಣುದ್ದದ ನೆರಳಿನಲ್ಲಿ ಬೆನ್ನೊರಗಿಸಿ ಕಾದ.

ಕಾರು ನರ್ಸ್ ಉಷಾಲತಾಳದು. ಅವನ ಹಾಗೆಯೇ ಮೂಲ್ಕಿ ಕಡೆಯವಳು. ಗಂಡ ಕೀರ್ತನನಿಗೆ ಸಮುದ್ರದ ಸೇತುವೆಯಾಚೆ ಸೌದಿಯ ಜುಬೈಲಿನಲ್ಲಿ ಕೆಲಸ. ಪ್ರತಿ ಗುರುವಾರ ಮೂರಕ್ಕೆ ಡ್ಯೂಟಿ ಮುಗಿಸಿ, ಮಗಳು ಖುಷಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ತಾನೇ ಓಡಿಸಿಕೊಂಡು ಹೋಗುವವಳು, ಶನಿವಾರ ಬರುವವಳು. ತಿಂಗಳ ಹಿಂದೆ ಕಮಲಾಕ್ಷ ಕೆಲಸ ಮಾಡುವ ಟಯರಂಗಡಿಗೆ ಬಂದು, ನೀವೇ ನೋಡಿ ಒಳ್ಳೆಯದು ಹಾಕಿ ಕಮಲಣ್ಣ, ಎಂದು ಕೀಲಿಕೈ ಕೊಟ್ಟು ಕೂತಿದ್ದಳು.

ಊರವರೆಲ್ಲ ಹಾಗೆಯೇ. ಟಯರಿನ ಮೇಲೆ ಏನು ಬರೆದಿದೆ ಎಂದು ನೋಡುವವರಲ್ಲ, ಕಮಲಾಕ್ಷನ ಮುಖ ನೋಡುವವರು. ಅವನೂ ಬರಹ ಓದುವವನಲ್ಲ. ಕೆಲಸ ಕಲಿಸಿದ ಮೊಯಿದಿನ್ ಬ್ಯಾರಿ ಹೇಳಿಕೊಟ್ಟದ್ದು ಒಂದೇ ಪರೀಕ್ಷೆ: ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಬೇಕು. ಉಗುರು ಇಳಿದರೆ ತಾಜಾ ಮಾಲು, ಇಳಿಯದಿದ್ದರೆ ಗೋದಾಮಿನಲ್ಲಿ ಕೂತು ಒಣಗಿದ ಮಾಲು. ಇಪ್ಪತ್ತೆರಡು ವರ್ಷ ಆ ಉಗುರು ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಮೇ ತಿಂಗಳಲ್ಲಿ ಯುರೋಪಿನಿಂದ ಒಂದು ಲಾಟ್ ಬಂತು. ಉಗುರು ಒತ್ತಿದರೆ ಹಲ್ವಕ್ಕೆ ಇಳಿದಂತೆ ಇಳಿಯಿತು. ಇಂಥ ಮಾಲು ಜನ್ಮದಲ್ಲಿ ಕಂಡಿಲ್ಲ ಎಂದು ಹಿಗ್ಗಿ, ಒಂದಷ್ಟನ್ನು ಊರವರಿಗೆಂದೇ ಮೂಲೆಯಲ್ಲಿ ಎತ್ತಿಟ್ಟ. ಪುಣ್ಯಾತ್ಮ!

ಇವತ್ತು ಬೆಳಿಗ್ಗೆ ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನವನೊಬ್ಬ ಅದೇ ಟಯರುಗಳನ್ನು ತಂದು ಬಿಸಾಕಿದ. ರಬ್ಬರು ತುಂಡುತುಂಡಾಗಿ ಕಿತ್ತು ಬಂದಿತ್ತು. ಬದಿಯಲ್ಲಿದ್ದ ಪುಟ್ಟ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದ: ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳು. ಹಿಮ ಬೀಳುವ ದೇಶದ ಚಳಿಗಾಲದ ಟಯರು. ಚಳಿಗೆ ಸೆಟೆಯಬಾರದೆಂದೇ ಮೆತ್ತಗೆ ಮಾಡಿದ್ದು. ಕಾದ ಕಾವಲಿಯಂಥ ಈ ರಸ್ತೆಯಲ್ಲಿ ವೇಗವಾಗಿ ಓಡಿಸಿದರೆ ಬಿಸಿಯಾಗಿ ಒಡೆಯಲೂಬಹುದು. ಆ ಚಿತ್ರವನ್ನು ಕಮಲಾಕ್ಷ ನೂರು ಸಲ ನೋಡಿದ್ದ, ಕಂಪನಿಯ ಮುದ್ರೆ ಎಂದುಕೊಂಡಿದ್ದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮ್ಯಾನೇಜರ್ ಸುಧೀರ್ ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳಿದ: ಉಳಿದದ್ದನ್ನು ವಾಪಸು ಕಳಿಸುವಾ, ಮಾರಿದ್ದರ ಸುದ್ದಿ ಎತ್ತುವುದು ಬೇಡ, ಎತ್ತಿದವರು ಊರಿಗೆ ಟಿಕೇಟು ನೋಡಿಕೊಳ್ಳಲಿ. ಕಮಲಾಕ್ಷ ಆಗಲೆಂದು ತಲೆಯಾಡಿಸಿದ. ಆಮೇಲೆ ಗುರುವಾರವೆಂದು ನೆನಪಾಗಿ ಫೋನು ತೆಗೆದ. ಉಷಾಲತಾಳ ಫೋನು ವಾರ್ಡಿನಲ್ಲಿ ಬಂದ್. ಮಟಮಟ ಬಿಸಿಲಲ್ಲಿ ದುಡಿಸಬಾರದೆಂಬ ಬೇಸಿಗೆಯ ನಿಯಮದಂತೆ ಹನ್ನೆರಡಕ್ಕೆ ಕೆಲಸ ನಿಂತದ್ದೇ ತಡ, ಬಸ್ಸು ಹತ್ತಿ ಬಂದುಬಿಟ್ಟ.

ಮೂರೂಕಾಲಿಗೆ ಅವಳು ಬಂದಳು, ಚಪ್ಪಲಿ ಎಳೆಯುತ್ತ. ಚಕ್ರಗಳನ್ನು ನೋಡಿ ನಿಂತಳು.

"ಗಾಳಿ ತೆಗೆದದ್ದು ನಾನೇ, ಉಷಕ್ಕ. ಇವತ್ತು ಹೋಗುದು ಬೇಡ," ಎಂದ ಕಮಲಾಕ್ಷ. ಲಾಟೇ ಸರಿಯಿರಲಿಲ್ಲ, ಕಳಿಸಿದವರು ಮೋಸ ಮಾಡಿದ್ದಾರೆ ಎಂದು ಶುರುಮಾಡಿ, ಹಿಮದ ಗುರುತಿನವರೆಗೆ ಹೇಳಿ ಮುಗಿಸಿದ.

ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ನಾಲ್ಕು ವಾರ. ನೂರಿಪ್ಪತ್ತರ ವೇಗ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಖುಷಿ.

"ಮಾಲು ಸರಿ ಇಲ್ಲದ್ದಾ, ನೀವು ನೋಡದೆ ಹಾಕಿದ್ದಾ?"

"ನೋಡಿಯೇ ಹಾಕಿದ್ದು. ನನಗೆ ನೋಡ್ಲಿಕ್ಕೇ ಗೊತ್ತಿರ್ಲಿಲ್ಲ. ತಪ್ಪು ನಂದೇ."

ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಕಾರಿಗೆ ಒರಗಿ ಅತ್ತಳು, ದಣಿದವರು ಅಳುವ ಹಾಗೆ, ಸದ್ದಿಲ್ಲದೆ. ಆಮೇಲೆ ಕೀರ್ತನನಿಗೆ ಫೋನು ಮಾಡಿ ಈ ವಾರ ಬರುವುದಿಲ್ಲ ಎಂದಳು. ನಾಳೆಯೇ ಬೇರೆ ಟಯರು ಹಾಕಿಕೊಡುತ್ತೇನೆಂದು ಕಮಲಾಕ್ಷ ಎದ್ದ. ಗುದೈಬಿಯಾದ ತನ್ನ ರೂಮಿಗೆ ಹೋಗಿ ಬೋರಲು ಬಿದ್ದುಕೊಂಡರೆ ಸಾಕಾಗಿತ್ತು.

"ಬೇರೆ ಯಾರಿಗೆಲ್ಲ ಹಾಕಿದ್ದೀರಿ?"

ಬೆಳಿಗ್ಗೆಯಿಂದ ಆ ಪ್ರಶ್ನೆಯನ್ನು ಅವನು ಹತ್ತಿರ ಬರಗೊಟ್ಟಿರಲಿಲ್ಲ. ಆಂತೋನಿ, ಜಮೀಲಮ್ಮನ ಮಗ ಸಫೀರ್, ಕಿಟ್ಟಣ್ಣ, ಎಂದು ಬೆರಳು ಮಡಿಸಿದ. ಹೆಸರು ಗೊತ್ತಿಲ್ಲದ ಮೂವರೂ ಇದ್ದರು, ಯಾರೋ ಕಳಿಸಿದರೆಂದು ಬಂದವರು; ಅವರನ್ನು ಎಲ್ಲಿ ಹುಡುಕುವುದು?

"ಮೊದಲು ಗೊತ್ತಿದ್ದವರಿಗೆ ಫೋನ್ ಮಾಡಿ," ಎಂದಳು ಉಷಾಲತಾ. "ನೀವು ಮಾಡುವವರೆಗೆ ನಾನೂ ಮನೆಗೆ ಹೋಗುದಿಲ್ಲ."

ಮಾಡಿದರೆ ಸಂಜೆಯೊಳಗೆ ಸುಧೀರನಿಗೆ ಸುದ್ದಿ ಮುಟ್ಟುತ್ತದೆ, ಕೆಲಸ ಹೋಗುತ್ತದೆ. ಕಮಲಾಕ್ಷನಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಆಂತೋನಿಯ ನಂಬರು ಒತ್ತಿದ.

"ಓ ಕಮಲಣ್ಣ!" ಆಂತೋನಿಯ ದನಿಯಲ್ಲಿ ಖುಷಿಯೋ ಖುಷಿ. "ಎಂತ ಟಯರ್ ಮಾರಾಯ್ರೆ, ಬೆಣ್ಣೆ! ನಮ್ಮ ಬಿಲ್ಡಿಂಗಿನ ಮೂರು ಜನರನ್ನು ನಿಮ್ಮ ಹತ್ರವೇ ಕಳಿಸಿದ್ದೇನೆ. ಬಂದ್ರಾ?"

ಕಮಲಾಕ್ಷ ಮತ್ತೆ ಮೂರು ಬೆರಳು ಮಡಿಸಿದ.

"ಬಂದಿದ್ರು," ಎಂದ. "ಆ ಮೂವರ ನಂಬರ್ ಸಹ ಕೊಡಿ, ಆಂತೋನಿಯವರೇ."